ಕಂಪನಿ ಸಭೆ ಅಂಬಾಜಿದುರ್ಗದ ಕಡೆ ಬಂದರೆ: ಮನರಂಜನೆ, ಪ್ರಚಾರ, ಅನುಮತಿ ಮತ್ತು ಕಲಾವಿದರ ಸಂಭಾವನೆ

ಚಿಕ್ಕಬಳ್ಳಾಪುರ ಜಿಲ್ಲೆಗೆ ಹೊರಗಿನವರ ಸಭೆಗಳು ಹೊಸತೇನಲ್ಲ. 1986ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ದೇಶಗಳ 2ನೇ ಶೃಂಗಸಭೆ ನಡೆದಾಗ ನಾಯಕರು ನಿರಾಳವಾಗಿ ಕುಳಿತು ಮಾತಾಡಲು ನಂದಿಬೆಟ್ಟಕ್ಕೆ ಬಂದಿದ್ದರು. 2025ರ ಜುಲೈ 2ರಂದು ರಾಜ್ಯ ಸಚಿವ ಸಂಪುಟವೇ ಅಲ್ಲಿ ಸಭೆ ಸೇರಿತ್ತು. ಬೆಂಗಳೂರಿನ ಕಂಪನಿಗಳು ನೌಕರರನ್ನೋ, ಡೀಲರ್‌ಗಳನ್ನೋ ಬಸ್ಸಿನಲ್ಲಿ ತುಂಬಿಕೊಂಡು ಬರುವುದಂತೂ ಮಾಮೂಲು. ಆದರೆ ನಂದಿ ದಾಟಿ ಶಿಡ್ಲಘಟ್ಟ, ಕೈವಾರ, ಚಿಂತಾಮಣಿ, ಅಂಬಾಜಿದುರ್ಗದವರೆಗೆ ಬರುವ ಕಾರ್ಯಕ್ರಮಗಳು ಕಡಿಮೆ. ಬಂದರೂ ಡಿಜೆ, ಆಟದ ಸಾಮಾನು, ಊಟ, ಕೊನೆಗೆ ಉಡುಗೊರೆ ಚೀಲ ಕೂಡ ಬೆಂಗಳೂರಿನಿಂದಲೇ ಬರುತ್ತವೆ. ಊರಿನವರಿಗೆ ಉಳಿಯುವುದು ಶಬ್ದ ಮತ್ತು ಕಸ, ಅಷ್ಟೇ.

ಹಾಗಾಗಬೇಕಿಲ್ಲ. ಇಲ್ಲಿ ಕಾರ್ಯಕ್ರಮ ಮಾಡಲು ಹೊರಟ ಕಂಪನಿಯವರಿಗೂ, ಕೆಲಸ ಹಿಡಿಯಬಯಸುವ ಸ್ಥಳೀಯ ಶಾಮಿಯಾನ, ಅಡುಗೆ, ಕಲಾತಂಡದವರಿಗೂ ಬೇಕಾಗುವ ಮಾಹಿತಿ ಇಲ್ಲಿದೆ.

ಜಾಗ ಮತ್ತು ದಿನ

ಅಂಬಾಜಿದುರ್ಗ ಸಮುದ್ರಮಟ್ಟದಿಂದ 4,300 ಅಡಿಗೂ ಎತ್ತರದ ಕಲ್ಲುಬೆಟ್ಟ. ಮೇಲೆ ಹಳೆಯ ಕೋಟೆಯ ಗೋಡೆಗಳಿವೆ, ಎದುರಿಗೆ ರಹಮಾನ್‌ಗಡ ಕಾಣುತ್ತದೆ. ಹತ್ತಿರದಲ್ಲೇ ಬಂಡೆ ಕೊರೆದು ಮಾಡಿರುವ ಕೈಲಾಸಗಿರಿ ಗುಹಾ ದೇಗುಲವಿದೆ. ಆದರೆ ಇದು ಸಭೆ ಮಾಡುವ ಜಾಗ ಅಲ್ಲ. ಬೆಳಗಿನ ಜಾವ ಹತ್ತಿ, ಬಿಸಿಲೇರುವ ಮುಂಚೆ ಇಳಿಯುವ ಜಾಗ. ಮಾರ್ಚ್‌ನಿಂದ ಮೇವರೆಗೆ ಒಂಬತ್ತು ಗಂಟೆಗೆಲ್ಲ ಬಂಡೆ ಕಾಯುತ್ತದೆ, ನೆರಳಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಅದೇ ಬಂಡೆ ಜಾರುತ್ತದೆ. ಚಾರಣ ಇಟ್ಟುಕೊಳ್ಳುವ ಮುಂಚೆ ಆ ದಾರಿ ಅರಣ್ಯ ಇಲಾಖೆಗೆ ಸೇರಿದೆಯೇ ಎಂದು ಚಿಂತಾಮಣಿಯ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ ಅನುಮತಿ ಪಡೆಯಬೇಕು. ಐವತ್ತು ಜನ ಒಟ್ಟಿಗೆ ಹೋಗುವಾಗ ‘ಯಾರೂ ಕೇಳಲ್ಲ ಬಿಡಿ’ ಅನ್ನುವ ಮಾತನ್ನು ನಂಬಬಾರದು.

ಸಭೆಗೆ ಬೇಕಾದ ನಾಲ್ಕು ಗೋಡೆ, ಕರೆಂಟು, ಶೌಚಾಲಯ ಚಿಂತಾಮಣಿ, ಶಿಡ್ಲಘಟ್ಟದ ಕಲ್ಯಾಣ ಮಂಟಪಗಳಲ್ಲಿವೆ. ಮಂಟಪ ಹಿಡಿಯಲು ಒಳ್ಳೆಯ ಕಾಲ ಆಷಾಢ ಮತ್ತು ಧನುರ್ಮಾಸ. ಮದುವೆಗಳಿಲ್ಲದ ಕಾರಣ ಖಾಲಿ ಇರುತ್ತವೆ, ಬಾಡಿಗೆಯಲ್ಲೂ ಚೌಕಾಸಿಗೆ ಜಾಗವಿರುತ್ತದೆ. ಒಂದೇ ಎಚ್ಚರ: ಆಷಾಢದ ಗುರುಪೂರ್ಣಿಮೆಗೆ ಕೈವಾರದ ಯೋಗಿ ನಾರೇಯಣ ಮಠದಲ್ಲಿ 72 ಗಂಟೆಗಳ ಸಂಗೀತೋತ್ಸವ ನಡೆಯುತ್ತದೆ. ಆ ಮೂರು ದಿನ ಕೈವಾರದ ರಸ್ತೆಯಾಗಲಿ, ವಸತಿಯಾಗಲಿ ಖಾಲಿ ಸಿಗುವುದಿಲ್ಲ. ತಾತಯ್ಯನವರ ಕೀರ್ತನೆ ಕೇಳಬೇಕೆನ್ನುವವರು ಕೇಳುಗರಾಗಿಯೇ ಹೋಗಬಹುದು. ಬ್ಯಾನರ್, ಟೀ ಶರ್ಟು ಹಾಕಿಕೊಂಡು ಹೋಗುವ ಜಾಗ ಅದಲ್ಲ.

ಮಂಟಪದ ಇನ್ನೊಂದು ತೊಂದರೆ ಸದ್ದು. ಎತ್ತರದ ಚಾವಣಿ, ನೆಲಕ್ಕೆ ಗ್ರಾನೈಟ್, ಮೈಕು ಹಿಡಿದವರ ಮಾತು ಎರಡೆರಡು ಸಲ ಕೇಳಿಸುತ್ತದೆ. ಶಾಮಿಯಾನದವರ ಬಳಿ ದಪ್ಪ ಬಟ್ಟೆಯ ಪರದೆ ತರಿಸಿ ಹಿಂದಿನ ಮತ್ತು ಪಕ್ಕದ ಗೋಡೆಗೆ ಕಟ್ಟಿಸಿದರೆ ಅರ್ಧ ಸಮಸ್ಯೆ ಕಳೆಯುತ್ತದೆ. ಪರದೆಯ ಮೇಲೆ ಚಿತ್ರ ತೋರಿಸುವುದಿದ್ದರೆ ಕಿಟಕಿಗಳಿಗೂ ಅದೇ ಬಟ್ಟೆ ಕಟ್ಟಿಸಬೇಕು. ಜನರೇಟರ್ ಇದೆ ಎಂದು ಮಾಲೀಕರು ಹೇಳಿದರೆ ಸಾಲದು, ಹಿಂದಿನ ದಿನ ಒಂದು ಸಲ ಓಡಿಸಿ ನೋಡಬೇಕು.

ಬೆಂಗಳೂರಿನಿಂದ ಬರುವವರು ಶನಿವಾರ, ಭಾನುವಾರ ರಾಷ್ಟ್ರೀಯ ಹೆದ್ದಾರಿ 44ನ್ನು ಆದಷ್ಟು ತಪ್ಪಿಸುವುದು ಮೇಲು. ನಂದಿಯ ಬೆಳಗಿನ ಗಾಡಿಗಳಿಗೆ 2023ರ ಜನವರಿಯಿಂದ ಅವಲಗುರ್ಕಿಯ ಆದಿಯೋಗಿ ನೋಡಲು ಹೋಗುವವರ ಗಾಡಿಗಳೂ ಸೇರಿಕೊಂಡಿವೆ. ಹೊಸಕೋಟೆ ಕಡೆಯಿಂದ ಚಿಂತಾಮಣಿಗೆ ಬರುವ ದಾರಿ ಹಗುರ.

ತಮಟೆ, ಕೀಲು ಕುದುರೆ, ಕೋಲಾಟ

ಈ ಸೀಮೆಯ ಮನರಂಜನೆ ಅಂದರೆ ಮೊದಲು ನೆನಪಾಗುವುದು ತಮಟೆ. ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ತಮಟೆ ಬಾರಿಸಿದ್ದಕ್ಕೆ. ಆದರೂ ಬಹುತೇಕ ಕಂಪನಿ ಕಾರ್ಯಕ್ರಮಗಳಲ್ಲಿ ತಮಟೆಯವರಿಗೆ ಸಿಗುವ ಜಾಗ ಗೇಟಿನ ಹೊರಗೆ. ಅತಿಥಿಗಳ ಬಸ್ಸು ಬರುವವರೆಗೆ ಬಿಸಿಲಲ್ಲಿ ನಿಲ್ಲಿಸಿ, ಬಂದಾಗ ಹತ್ತು ನಿಮಿಷ ಬಾರಿಸಿ ಎಂದು ಹೇಳಿ, ಊಟದ ಹೊತ್ತಿಗೆ ಕಳಿಸಿಬಿಡುತ್ತಾರೆ.

ತಮಟೆಗೆ ಒಂದು ಕಹಿ ಚರಿತ್ರೆಯೂ ಇದೆ. ಊರಿನ ಸಾವಿಗೂ ಜಾತ್ರೆಗೂ ದಲಿತರಿಂದ ಬಿಟ್ಟಿಯಾಗಿ ಬಾರಿಸಿಕೊಂಡ ವಾದ್ಯ ಅದು. ಅದನ್ನೇ ಕಲೆಯಾಗಿ, ಹೋರಾಟದ ದನಿಯಾಗಿ ಎತ್ತಿ ಹಿಡಿದವರೂ ಅವರೇ. ಹಾಗಾಗಿ ತಂಡವನ್ನು ಕರೆಸುವವರು ಗೇಟಿನ ಸ್ವಾಗತಕ್ಕಲ್ಲ, ವೇದಿಕೆಗೆ ಕರೆಸಬೇಕು. ಇಪ್ಪತ್ತು, ಇಪ್ಪತ್ತೈದು ನಿಮಿಷದ ಪೂರ್ತಿ ಪ್ರದರ್ಶನ, ಕಲಾವಿದರ ಹೆಸರು ಹೇಳಿ ಪರಿಚಯ, ಅತಿಥಿಗಳ ಪಂಕ್ತಿಯಲ್ಲೇ ಊಟ. ಇಷ್ಟಕ್ಕೆ ಹೆಚ್ಚು ಖರ್ಚೇನೂ ಬೀಳುವುದಿಲ್ಲ.

ಆಯೋಜಕರು ಮರೆಯುವ ಸಣ್ಣ ವಿಷಯ ಒಂದಿದೆ. ಚರ್ಮದ ತಮಟೆಯನ್ನು ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಕಾಯಿಸಬೇಕು, ಇಲ್ಲದಿದ್ದರೆ ಸದ್ದು ಬಿಗಿಯಾಗಿ ಬರುವುದಿಲ್ಲ. ಥಂಡಿ ಗಾಳಿಯಿರುವ ಸಂಜೆಯಲ್ಲಂತೂ ನಡುವೆ ಇನ್ನೊಮ್ಮೆ ಕಾಯಿಸಬೇಕಾಗುತ್ತೆ. ರೆಸಾರ್ಟ್ ಹುಲ್ಲುಹಾಸಿನ ಮೇಲೆ ಬೆಂಕಿ ಹಾಕಬೇಡಿ ಎಂದು ಕೊನೇ ಗಳಿಗೆಯಲ್ಲಿ ಸೆಕ್ಯುರಿಟಿಯವರು ತಡೆದರೆ ಕಾರ್ಯಕ್ರಮವೇ ಕೆಡುತ್ತದೆ. ವೇದಿಕೆ ಹಿಂದೆ ಮಣ್ಣಿನ ಜಾಗ, ಸ್ವಲ್ಪ ಹುಲ್ಲು, ಒಂದು ಬಕೆಟ್ ನೀರು ಮೊದಲೇ ಗೊತ್ತು ಮಾಡಿರಬೇಕು. ಫೈಬರ್ ಹಾಳೆಯ ತಮಟೆಗೆ ಈ ತಾಪತ್ರಯ ಇಲ್ಲ, ಸದ್ದಿನಲ್ಲಿ ಮಾತ್ರ ವ್ಯತ್ಯಾಸವಿದೆ.

ಕೀಲು ಕುದುರೆ ಮೆರವಣಿಗೆಗೆ ಚೆಂದ, ಒಳಾಂಗಣಕ್ಕಲ್ಲ. ಅತಿಥಿಗಳನ್ನೂ ಕುಣಿಸಬೇಕೆಂದರೆ ಕೋಲಾಟ, ಪಂಡರಿ ಭಜನೆ ಒಳ್ಳೆಯದು. ಹೆಜ್ಜೆ ಹತ್ತು ನಿಮಿಷದಲ್ಲಿ ಕೈಗೆ ಬರುತ್ತದೆ, ಮ್ಯಾನೇಜರೂ ಟ್ರೈನಿಯೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇಲ್ಲಿನ ಬಹಳಷ್ಟು ತಂಡಗಳಿಗೆ ಕನ್ನಡ, ತೆಲುಗು ಎರಡೂ ಹಾಡು ಬರುತ್ತವೆ. ಆಂಧ್ರ, ತೆಲಂಗಾಣದ ನೌಕರರು ಹೆಚ್ಚಿರುವ ಕಂಪನಿಗಳಿಗೆ ಇದು ಬೋನಸ್ಸು. ತಂಡಗಳ ಮಾಹಿತಿಯನ್ನು ಚಿಕ್ಕಬಳ್ಳಾಪುರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಚೇರಿಯಲ್ಲಿ ವಿಚಾರಿಸಬಹುದು. ನಡುವೆ ಏಜೆಂಟರಿದ್ದರೆ ಕಲಾವಿದರ ಕೈಗೆ ಸೇರುವ ಹಣವೆಷ್ಟು ಎಂಬುದನ್ನು ತಂಡದ ಮುಖ್ಯಸ್ಥರನ್ನೇ ಕೇಳಿ ಖಾತ್ರಿ ಮಾಡಿಕೊಳ್ಳುವುದು ಒಳ್ಳೆಯದು.

ಹುಳು ಮನೆಗೆ ಹೋಗುವಾಗ

ಶಿಡ್ಲಘಟ್ಟದ ರೇಷ್ಮೆ ನೋಡುವುದು ಬೆಂಗಳೂರಿನವರಿಗೆ ಯಾವ ಆಟಕ್ಕಿಂತಲೂ ಹೆಚ್ಚು ಹಿಡಿಸಬಹುದು. ರಾಮನಗರದ ನಂತರ ರಾಜ್ಯದ ದೊಡ್ಡ ಗೂಡಿನ ಮಾರುಕಟ್ಟೆ ಇಲ್ಲಿದೆ. ಬೆಳಿಗ್ಗೆ ಹರಾಜು, ಅಲ್ಲಿಂದ ನೂಲು ಬಿಚ್ಚುವ ಘಟಕ, ಕೊನೆಗೆ ರೈತರ ತೋಟ. ಅರ್ಧ ದಿನಕ್ಕೆ ಸಾಕಷ್ಟಾಯಿತು. ಆದರೆ ಹರಾಜಿನ ಹೊತ್ತು ರೈತನಿಗೆ ತಿಂಗಳ ದುಡಿಮೆಯ ಬೆಲೆ ಗೊತ್ತಾಗುವ ಹೊತ್ತು. ನೂರು ಜನ ಮೊಬೈಲ್ ಎತ್ತಿಕೊಂಡು ಜಾಲರಿಗಳ ನಡುವೆ ನಿಂತರೆ ಯಾರಿಗೂ ಕೆಲಸ ಸಾಗುವುದಿಲ್ಲ. ಹದಿನೈದು, ಇಪ್ಪತ್ತು ಜನರ ಗುಂಪು ಮಾಡಿ, ಮಾರುಕಟ್ಟೆ ಅಧಿಕಾರಿಗಳಿಗೆ ಮುಂಚೆ ತಿಳಿಸಿ ಹೋಗಬೇಕು.

ಹುಳು ಮನೆಯ ಒಳಗೆ ಹೋಗುವುದು ಇನ್ನೂ ಸೂಕ್ಷ್ಮ. ಹೊರಗಿನವರ ಕಾಲು, ಕೈಯಿಂದ ರೋಗ ತಗುಲಿದರೆ ಇಡೀ ಬೆಳೆ ಹೋಗುತ್ತದೆ. ಅದಕ್ಕೇ ರೈತರು ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿರುತ್ತಾರೆ. ಸೆಂಟು, ಸೊಳ್ಳೆ ಸ್ಪ್ರೇ ಹಾಕಿಕೊಂಡವರು, ಸಿಗರೇಟು ಸೇದಿ ಬಂದವರು ಹೊರಗೇ ನಿಲ್ಲಬೇಕು. ‘ಬೇಡ’ ಎಂದು ರೈತರು ಹೇಳಿದರೆ ಒತ್ತಾಯಿಸಬಾರದು. ಹುಳು ಹಣ್ಣಾಗಿ ಚಂದ್ರಂಕಿಗೆ ಬಿಟ್ಟ ಮೇಲೆ ಹೋದರೆ ಗೂಡು ಕಟ್ಟುವುದನ್ನು ನೋಡಬಹುದು, ಸೊಪ್ಪು ಹಾಕುವ ಗಡಿಬಿಡಿಯೂ ಮುಗಿದಿರುತ್ತದೆ. ಆ ಮನೆಯವರ ಸಮಯಕ್ಕೆ ಇಷ್ಟು ಎಂದು ಹಣ ಕೊಡಬೇಕು. ಶಾಲು ಹೊದಿಸಿ ಫೋಟೊ ತೆಗೆದರೆ ಅದು ಸಂಭಾವನೆ ಅಲ್ಲ.

ಪ್ರಚಾರ ಹೇಗೆ?

ಬೀಜ, ಗೊಬ್ಬರ, ಹನಿ ನೀರಾವರಿ ಕಂಪನಿಗಳು ಚಿಂತಾಮಣಿ ಸುತ್ತ ನಡೆಸುವ ಸಭೆಗಳಿಂದ ಉಳಿದವರೂ ಕಲಿಯಬಹುದು. ಟೋಪಿ, ಚೀಲ ಹಂಚಿದ್ದು ವಾರದಲ್ಲಿ ಮರೆತುಹೋಗುತ್ತದೆ. ಒಬ್ಬ ರೈತನ ಹೊಲದಲ್ಲೇ ಟೊಮೆಟೊ ಬೆಳೆದು ಅಕ್ಕಪಕ್ಕದವರನ್ನು ಕರೆದು ತೋರಿಸುವ ಕ್ಷೇತ್ರೋತ್ಸವ ಮಾತ್ರ ನಿಲ್ಲುತ್ತದೆ. ಆ ರೈತನೇ ಮಾತಾಡಬೇಕು, ಸೇಲ್ಸ್‌ನವರು ಪಕ್ಕದಲ್ಲಿರಬೇಕು. ಬೆಳೆ ಎಲ್ಲಿ ಸೋತಿತು ಎಂಬುದನ್ನೂ ಹೇಳಬಿಟ್ಟರೆ ನಂಬಿಕೆ ಇನ್ನೂ ಹೆಚ್ಚು.

ರಸ್ತೆ ಬದಿ ಫ್ಲೆಕ್ಸ್ ಕಟ್ಟುವ ಚಾಳಿ ಬಿಡಬೇಕು. 2016ರಿಂದಲೇ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್, ತೋರಣ, ತಟ್ಟೆ, ಲೋಟಗಳಿಗೆ ನಿಷೇಧವಿದೆ. ಬಟ್ಟೆ ಬ್ಯಾನರ್ ಬರೆಯುವವರು ಚಿಂತಾಮಣಿಯಂಥ ಊರಲ್ಲಿ ಇನ್ನೂ ಸಿಗುತ್ತಾರೆ. ಅದರಲ್ಲಿ ಕನ್ನಡ ದೊಡ್ಡದಾಗಿರಲಿ.

ಉಡುಗೊರೆಗೆ ಸೀಸನ್ ನೋಡಿಕೊಂಡರೆ ಸಾಕು, ಬೆಂಗಳೂರಿನಿಂದ ಏನೂ ತರಬೇಕಿಲ್ಲ. ಭೌಗೋಳಿಕ ಗುರುತು ಪಡೆದ ಬೆಂಗಳೂರು ಬ್ಲೂ ದ್ರಾಕ್ಷಿ ಈ ಜಿಲ್ಲೆಯಲ್ಲಿ ವರ್ಷಕ್ಕೆ ಎರಡು ಬೆಳೆ ಬರುತ್ತದೆ. ಬೇಸಿಗೆಯಲ್ಲಿ ಮಾವು. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಯಿ. ಆ ದಿನಗಳಲ್ಲಿ ಊಟಕ್ಕೆ ಮುದ್ದೆ, ಹಿದಕಿದ ಬೇಳೆ ಸಾರು ಹಾಕಿಸಿದರೆ ಬಫೆಯ ಪನೀರು ಹಾಗೇ ಉಳಿದೀತು.

ಫೋಟೊ, ವಿಡಿಯೊ ವಿಚಾರದಲ್ಲಿ ಒಪ್ಪಿಗೆ ಮುಖ್ಯ. ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶನ ಕೊಡುವವರಿಗೂ ಹಕ್ಕಿದೆ. ತಮಟೆ ತಂಡದ ವಿಡಿಯೊವನ್ನು ಕಂಪನಿ ಜಾಹೀರಾತಿಗೆ ಬಳಸುವುದಿದ್ದರೆ ಅದನ್ನು ಮೊದಲೇ ಬರೆದು, ಅದಕ್ಕೆ ಬೇರೆಯೇ ಹಣ ಗೊತ್ತುಮಾಡಬೇಕು.

ಸದ್ದು, ಹಾಡು, ಪರವಾನಗಿ

ಧ್ವನಿವರ್ಧಕಕ್ಕೆ ಪೊಲೀಸರ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 45. ಬೆಟ್ಟದ ಬುಡದಲ್ಲಿ ಸದ್ದು ಬಂಡೆಗೆ ಬಡಿದು ಪಕ್ಕದ ಹಳ್ಳಿಗೆ ಹೋಗುತ್ತದೆ, ನಸುಕಿಗೇ ಎದ್ದು ಹಾಲು ಕರೆಯುವವರ ನಿದ್ದೆ ಕೆಡುತ್ತದೆ. ಒಂಬತ್ತೂವರೆಗೇ ಮುಗಿಸಿದರೆ ಎಲ್ಲರಿಗೂ ಕ್ಷೇಮ.

ಸಿನಿಮಾ ಹಾಡು ಹಾಕಿದರೆ ಕೃತಿಸ್ವಾಮ್ಯದ ಪರವಾನಗಿ ಬೇಕಾಗುತ್ತದೆ. ಸಾಹಿತ್ಯ, ರಾಗಕ್ಕೆ ಐಪಿಆರ್‌ಎಸ್, ರೆಕಾರ್ಡಿಂಗ್‌ಗೆ ಪಿಪಿಎಲ್‌ನಂಥ ಸಂಸ್ಥೆಗಳಿವೆ. ಮದುವೆಗೆ ಇರುವ ವಿನಾಯಿತಿ ಕಂಪನಿ ಪಾರ್ಟಿಗೆ ಅನ್ವಯಿಸುವುದಿಲ್ಲ. ತಲೆಮಾರಿನಿಂದ ಬಂದ ಜನಪದ ಹಾಡನ್ನು ಕಲಾವಿದರೇ ಹಾಡಿದರೆ ಈ ಗೋಜಿಲ್ಲ. ಮದ್ಯ ಹಂಚುವುದಿದ್ದರೆ ಅಬಕಾರಿ ಇಲಾಖೆಯ ತಾತ್ಕಾಲಿಕ ಪರವಾನಗಿ ಬೇಕು.

ದುಡ್ಡಿನ ಮಾತು

ಇಲ್ಲೇ ಹೆಚ್ಚು ಜಗಳ. ಕಂಪನಿಗಳು ಬಿಲ್ ತಗೊಂಡು ಎರಡು, ಮೂರು ತಿಂಗಳಿಗೆ ಹಣ ಹಾಕುತ್ತವೆ. ಕೂಲಿ ಬಿಟ್ಟು ಬಂದ ಕಲಾವಿದರಿಗೆ ಅಷ್ಟು ಕಾಯುವ ಶಕ್ತಿ ಇರುವುದಿಲ್ಲ. ಅರ್ಧ ಮುಂಗಡ, ಉಳಿದದ್ದು ಅವತ್ತೇ ಫೋನ್‌ಗೆ ಎಂದು ಕಾಗದದಲ್ಲಿ ಬರೆಸಿಕೊಳ್ಳುವುದು ಕ್ಷೇಮ. ಬಸ್ ಚಾರ್ಜು, ಊಟ, ರಾತ್ರಿ ವಾಪಸ್ ಬಿಡುವ ಗಾಡಿ ಯಾರ ಲೆಕ್ಕ ಎನ್ನುವುದನ್ನೂ ಬರೆಯಬೇಕು. ಮಳೆ ಬಂದು ನಿಂತರೆ ಎಷ್ಟು ಕೊಡುತ್ತಾರೆ ಎಂಬುದನ್ನು ಕೂಡ.

ಜನಪದ ಅಥವಾ ಶಾಸ್ತ್ರೀಯ ಸಂಗೀತ, ನೃತ್ಯ, ನಾಟಕದ ಕಲಾವಿದರ ಪ್ರದರ್ಶನಕ್ಕೆ ಸಂಭಾವನೆ 1.5 ಲಕ್ಷ ರೂಪಾಯಿ ಮೀರದಿದ್ದರೆ ಜಿಎಸ್‌ಟಿ ಇಲ್ಲ. ‘ಜಿಎಸ್‌ಟಿ ನಂಬರ್ ಇಲ್ಲದಿದ್ದರೆ ಕೆಲಸ ಕೊಡಲ್ಲ’ ಎನ್ನುವ ಅಕೌಂಟ್ಸ್‌ನವರಿಗೆ ಇದನ್ನು ಹೇಳಬಹುದು. ಪ್ಯಾನ್ ಮಾತ್ರ ಇರಲೇಬೇಕು. ತೆರಿಗೆ ಹಿಡಿಯಬೇಕಾದ ಮೊತ್ತವಾಗಿದ್ದು ಪ್ಯಾನ್ ಇಲ್ಲದಿದ್ದರೆ 20% ಹಿಡಿಯುತ್ತಾರೆ.

ಅಡುಗೆಯವರು, ಶಾಮಿಯಾನದವರು ಉದ್ಯಮ್ ನೋಂದಣಿ ಮಾಡಿಸಿಕೊಂಡರೆ ಲಾಭವಿದೆ. ನೋಂದಣಿ ಆನ್‌ಲೈನ್‌ನಲ್ಲಿ ಉಚಿತ. ಸಣ್ಣ ಉದ್ಯಮಗಳ ಕಾಯ್ದೆ ಪ್ರಕಾರ ಬರಹದ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ಹಣ ಬರಬೇಕು. ತಡವಾದರೆ ಬಡ್ಡಿ ಕೇಳುವ ಹಕ್ಕೂ ಇದೆ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಅಚ್ಚು ಹಾಕಿಸಿರಬೇಕು.

ಪೊಲೀಸ್, ಅರಣ್ಯ, ಅಬಕಾರಿ ಅರ್ಜಿಗಳನ್ನು ಕನಿಷ್ಠ ಎರಡು ವಾರ ಮುಂಚೆ ಕೊಟ್ಟರೆ ಓಡಾಟ ತಪ್ಪುತ್ತದೆ. ಕಾರ್ಯಕ್ರಮದ ದಿನ 108 ಆಂಬುಲೆನ್ಸ್, 112 ತುರ್ತು ನಂಬರನ್ನು ಬಸ್ಸಿನ ಬಾಗಿಲಲ್ಲೇ ಅಂಟಿಸಬಹುದು. ಕಸ ಎತ್ತುವ ಆಳುಗಳಿಗೆ ಮರುದಿನ ಬೆಳಗಿನ ಕೂಲಿಯನ್ನೂ ಬಜೆಟ್‌ನಲ್ಲೇ ಸೇರಿಸಿರಬೇಕು. ರಾತ್ರಿ ಬಸ್ಸು ಹೊರಟ ಮೇಲೆ ಬೆಟ್ಟದ ಬುಡದಲ್ಲಿ ಉಳಿದ ಬಾಟಲಿಗಳು ಕತ್ತಲಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.