ರಟ್ಟಿನ ಪೆಟ್ಟಿಗೆ: ರದ್ದಿಗೋ, ಗೊಬ್ಬರಕ್ಕೋ?

ಅಕ್ಕಿಯಿಂದ ಹಿಡಿದು ಮಿಕ್ಸರಿನವರೆಗೆ ಇಂದು ಎಲ್ಲವೂ ರಟ್ಟಿನ ಪೆಟ್ಟಿಗೆಯಲ್ಲಿ ಮನೆಬಾಗಿಲಿಗೆ ಬರುತ್ತವೆ. ವಸ್ತು ಒಳಗೆ ಸೇರುತ್ತದೆ, ಪೆಟ್ಟಿಗೆ ಮಾತ್ರ ಮೆಟ್ಟಿಲ ಬಳಿ ಉಳಿಯುತ್ತದೆ. ಒಂದು ಮಳೆಗಾಲದಲ್ಲಿ ನಾವು ವಾಸಿಸುವ ಮುಂಬಯಿ ಉಪನಗರದ ಹೌಸಿಂಗ್ ಸೊಸೈಟಿಯ ಸಭೆಗೆ ಎರಡು ದೂರುಗಳು ಒಟ್ಟಿಗೇ ಬಂದವು. ಕಟ್ಟಡದ ಹಿಂಭಾಗದ ಕಾಂಪೋಸ್ಟ್ ಡ್ರಮ್ಮು ನಾರುತ್ತಿದೆ, ಅದನ್ನು ಮುಚ್ಚಿಬಿಡಿ ಎಂಬುದು ಒಂದು. ನೆನೆದ ರಟ್ಟಿನ ರಾಶಿಯನ್ನು ರದ್ದಿವಾಲಾ ಮುಟ್ಟುತ್ತಿಲ್ಲ ಎಂಬುದು ಇನ್ನೊಂದು. ಒಂದು ದೂರಿನ ಮದ್ದು ಇನ್ನೊಂದರಲ್ಲೇ ಅಡಗಿದೆ ಎಂಬುದು ನಮಗೆ ಹೊಳೆಯಲು ಕೆಲವು ದಿನಗಳೇ ಬೇಕಾದವು. ಅಂದು ಕೇಳಿ, ಓದಿ, ಮಾಡಿ ತಿಳಿದದ್ದನ್ನು ಇಲ್ಲಿ ಕ್ರಮವಾಗಿ ನೀಡುತ್ತಿದ್ದೇವೆ.

ರಟ್ಟು ಎಂದರೇನು?

ಎರಡು ಚಪ್ಪಟೆ ಕಾಗದಗಳ ನಡುವೆ ಅಲೆಯಂತೆ ಮಡಿಸಿದ ಮೂರನೆಯ ಕಾಗದವನ್ನು ಗಂಜಿಯ ಅಂಟಿನಿಂದ ಕೂಡಿಸಿದರೆ ಪೆಟ್ಟಿಗೆಯ ರಟ್ಟು ಸಿದ್ಧವಾಗುತ್ತದೆ. ಅಲೆಗಾಗದಕ್ಕೆ 1856ರಲ್ಲಿ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ದೊರೆತಾಗ ಅದರ ಉಪಯೋಗ ಟೋಪಿಯ ಒಳಪದರಕ್ಕಷ್ಟೇ ಇತ್ತು. 1871ರಲ್ಲಿ ಅಮೆರಿಕದ ಆಲ್ಬರ್ಟ್ ಜೋನ್ಸ್ ಅದನ್ನು ಗಾಜಿನ ಸಾಮಾನು ಸುತ್ತಲು ಬಳಸುವ ವಿಧಾನಕ್ಕೆ ಹಕ್ಕು ಪಡೆದರು. ಕಾಗದ, ಗಂಜಿ ಎರಡೂ ಸಸ್ಯಮೂಲದವು. ಆದ್ದರಿಂದಲೇ ರಟ್ಟಿಗೆ ಎರಡು ದಾರಿಗಳಿವೆ: ಮತ್ತೆ ಕಾಗದವಾಗುವುದು, ಇಲ್ಲವೇ ಮಣ್ಣಾಗುವುದು.

ಮರುಬಳಕೆಯ ದಾರಿ

ನಮ್ಮ ರದ್ದಿವಾಲಾ 'ಪುಠ್ಠಾ' ಎಂದು ತೂಗಿ ಒಯ್ಯುವ ರಟ್ಟು ದೊಡ್ಡ ವ್ಯಾಪಾರಿಯ ಗೋದಾಮಿನಲ್ಲಿ ಒತ್ತಿ ಕಟ್ಟಿದ ಮೂಟೆಯಾಗಿ, ಗುಜರಾತಿನ ವಾಪಿಯಂಥ ಊರುಗಳ ಕಾಗದದ ಕಾರ್ಖಾನೆಗಳನ್ನು ಸೇರುತ್ತದೆ. ಅಲ್ಲಿ ಅದನ್ನು ನೀರಿನಲ್ಲಿ ಕಡೆದು ತಿರುಳು ಮಾಡುತ್ತಾರೆ. ಟೇಪು, ಪಿನ್ನುಗಳನ್ನು ಸೋಸಿ ತೆಗೆಯುತ್ತಾರೆ. ಉಳಿದ ನಾರು ಮತ್ತೆ ಹಾಳೆಯಾಗುತ್ತದೆ. ನಮ್ಮ ದೇಶದಲ್ಲಿ ಪೆಟ್ಟಿಗೆಯ ಕಂದು ಕಾಗದ ತಯಾರಾಗುವುದು ಬಹುಪಾಲು ಹಳೆಯ ರಟ್ಟಿನಿಂದಲೇ.

ಆದರೆ ಪ್ರತಿ ಸುತ್ತಿನಲ್ಲಿಯೂ ನಾರು ತುಸು ಗಿಡ್ಡವಾಗುತ್ತದೆ. ಸಾಮಾನ್ಯವಾಗಿ ಐದರಿಂದ ಏಳು ಸುತ್ತುಗಳ ನಂತರ ಅದಕ್ಕೆ ಹಾಳೆಯಾಗುವ ಶಕ್ತಿ ಉಳಿಯದು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಪ್ರತಿ ವ್ಯವಹಾರದಲ್ಲಿಯೂ ಅಸಲು ಸ್ವಲ್ಪ ಕರಗುವ ಖಾತೆಯಿದು.

ಈ ದಾರಿಗೆ ಶತ್ರುಗಳು ಇಬ್ಬರು: ಎಣ್ಣೆ ಮತ್ತು ನೀರು. ಎಣ್ಣೆ ನೀರಿನಲ್ಲಿ ಕರಗದೆ ನಾರಿಗೆ ಅಂಟಿಕೊಂಡು ಹಾಳೆಯ ಮೇಲೆ ಕಲೆ ಬಿಡುತ್ತದೆ. ನೆನೆದ ರಟ್ಟಿಗೆ ಬೂಸು ಹಿಡಿಯುತ್ತದೆ. ಮೇಲಾಗಿ ತೂಕದ ವ್ಯಾಪಾರದಲ್ಲಿ ನೀರಿಗೆ ಹಣ ಕೊಡುವವರಾರು? ನಮ್ಮ ರದ್ದಿವಾಲಾ ಮುಟ್ಟದಿದ್ದುದರಲ್ಲಿ ತಪ್ಪೇನೂ ಇರಲಿಲ್ಲ.

ಗೊಬ್ಬರದ ದಾರಿ

ಕರಾವಳಿಯಿಂದ ಬಂದ ಹಿರಿಯರಿಗೆ ಇದು ಹೊಸ ವಿದ್ಯೆಯಲ್ಲ. ಊರಿನಲ್ಲಿ ದನದ ಹಟ್ಟಿಗೆ ಸೊಪ್ಪು, ತರಗೆಲೆ ಹಾಸಿ, ಸೆಗಣಿ ಗಂಜಳದೊಡನೆ ತುಳಿಸಿ, ಗೊಬ್ಬರದ ಗುಂಡಿಗೆ ಹಾಕುತ್ತಿದ್ದರು. ಸೆಗಣಿ ಗಂಜಳಗಳಲ್ಲಿ ಸಾರಜನಕ, ತರಗೆಲೆಯಲ್ಲಿ ಇಂಗಾಲ. ಎರಡೂ ಕೂಡಿದಾಗಲೇ ಗೊಬ್ಬರ. ಅಡುಗೆಮನೆಯ ಹಸಿ ಕಸದಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 15ರಿಂದ 20 ಪಾಲು ಇಂಗಾಲವಿರುತ್ತದೆ. ಕೊಳೆಯಿಸುವ ಜೀವಾಣುಗಳಿಗೆ ಬೇಕಾದದ್ದು 25ರಿಂದ 30 ಪಾಲು. ರಟ್ಟಿನಲ್ಲಿಯಾದರೋ ಇಂಗಾಲ ನೂರಾರು ಪಾಲು. ಬರೀ ಹಸಿ ಕಸ ತುಂಬಿದ ಡ್ರಮ್ಮಿನಲ್ಲಿ ನೀರು ಹೆಚ್ಚಿ, ಗಾಳಿ ತಪ್ಪಿ, ದುರ್ನಾತ ಏಳುತ್ತದೆ. ನಮ್ಮ ಡ್ರಮ್ಮಿಗೆ ಆಗಿದ್ದುದು ಇದೇ. ತರಗೆಲೆ ಸಿಗದ ನಗರದಲ್ಲಿ ಆ ಸ್ಥಾನವನ್ನು ರಟ್ಟು ತುಂಬಬಲ್ಲದು.

ಆದರೆ ರಟ್ಟಿನಲ್ಲಿ ಪೋಷಕಾಂಶ ಅತ್ಯಲ್ಪ. ಅದೊಂದನ್ನೇ ಕೊಳೆಹಾಕಿದರೆ ಗೊಬ್ಬರವಾಗದು. ವಿಧಾನ ಹೀಗೆ: ಟೇಪು, ಚೀಟಿ, ಪಿನ್ನುಗಳನ್ನು ಕಿತ್ತು ತೆಗೆಯಿರಿ. ಎರಡು ಅಂಗುಲದ ಚೂರುಗಳಾಗಿ ಹರಿಯಿರಿ. ಇಡೀ ಹಾಳೆ ಹಾಸಿದರೆ ಗಾಳಿಗೆ ತಡೆಯಾಗುತ್ತದೆ. ಒಂದು ಪಾತ್ರೆ ಹಸಿ ಕಸಕ್ಕೆ ಸುಮಾರು ಒಂದು ಪಾತ್ರೆ ಚೂರು ಸೇರಿಸಿ, ವಾರಕ್ಕೊಮ್ಮೆ ಮೇಲೆ ಕೆಳಗೆ ಮಾಡಿರಿ. ಹಿಡಿಯಷ್ಟು ತೆಗೆದು ಹಿಂಡಿದಾಗ ಹಿಂಡಿದ ಬಟ್ಟೆಯಷ್ಟು ಪಸೆಯಿದ್ದರೆ ಸರಿ. ನೀರು ಸುರಿದರೆ ಇನ್ನಷ್ಟು ಚೂರು ಬೇಕು. ಎರಡು ಮೂರು ತಿಂಗಳಲ್ಲಿ ಮಣ್ಣಿನ ವಾಸನೆಯ ಗೊಬ್ಬರ ಸಿದ್ಧವಾಗುತ್ತದೆ.

ಯಾವುದು ಎಲ್ಲಿಗೆ?

- ಒಣಗಿದ, ಶುಚಿಯಾದ ಪೆಟ್ಟಿಗೆ: ಮಡಿಸಿ ರದ್ದಿಗೆ.
- ನೆನೆದ ಅಥವಾ ಬೂಸು ಹಿಡಿದ ರಟ್ಟು: ಗೊಬ್ಬರಕ್ಕೆ.
- ಪಿಜ್ಜಾ ಪೆಟ್ಟಿಗೆ: ಶುಚಿಯಾದ ಮುಚ್ಚಳ ರದ್ದಿಗೆ, ಎಣ್ಣೆ ಹೀರಿದ ತಳ ಗೊಬ್ಬರಕ್ಕೆ. ತುಪ್ಪ ಎಣ್ಣೆ ತೊಟ್ಟಿಕ್ಕುವಂತಿದ್ದರೆ ಗೊಬ್ಬರಕ್ಕೂ ಸಲ್ಲದು.
- ಮೊಟ್ಟೆಯ ತಟ್ಟೆ: ಗಿಡ್ಡ ನಾರಿನಿಂದಾದದ್ದು, ಬೇಗ ಕರಗುವುದರಿಂದ ಗೊಬ್ಬರಕ್ಕೆ ಉತ್ತಮ.
- ಹೊಳಪಿನ ಮಿಠಾಯಿ ಪೆಟ್ಟಿಗೆ: ಹರಿದು ನೋಡಿರಿ. ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಎದ್ದು ಬಂದರೆ ಗೊಬ್ಬರಕ್ಕೆ ಬೇಡ, ಒಣ ಕಸಕ್ಕೆ ಹಾಕಿರಿ.
- ಕಾಗದದ ಲೋಟ, ಹಣ್ಣಿನ ರಸದ ಪೆಟ್ಟಿಗೆ: ಒಳಗೆ ಪ್ಲಾಸ್ಟಿಕ್ ಪದರವಿದೆ, ರಸದ ಪೆಟ್ಟಿಗೆಯಲ್ಲಿ ಹಲವು ವೇಳೆ ಅಲ್ಯೂಮಿನಿಯಂ ಕೂಡ. ಇವೂ ತೊಳೆದು ಒಣ ಕಸಕ್ಕೆ.
- ಅಂಗಡಿಯ ನುಣುಪು ರಸೀದಿ: ರಾಸಾಯನಿಕ ಲೇಪವಿರುವುದರಿಂದ ಎರಡಕ್ಕೂ ಸಲ್ಲದು.

ಯಾವುದು ಮೇಲು?

ನಾರಿಗೆ ಇನ್ನೂ ಸುತ್ತುಗಳು ಬಾಕಿಯಿರುವಾಗ ಅದನ್ನು ಮಣ್ಣಿಗೆ ಸೇರಿಸುವುದು ಅವಧಿಗೆ ಮುನ್ನ ಠೇವಣಿ ಮುರಿದಂತೆ. ಶುಚಿಯಾದ ಪೆಟ್ಟಿಗೆಗೆ ಮರುಬಳಕೆಯೇ ಮೊದಲ ದಾರಿ. ಅದರಿಂದ ರದ್ದಿವಾಲಾನಿಂದ ಹಿಡಿದು ಕಸ ಆಯುವ ಹೆಣ್ಣುಮಕ್ಕಳವರೆಗೆ ಅನೇಕರ ಒಲೆ ಉರಿಯುತ್ತದೆ ಎಂಬುದನ್ನೂ ಮರೆಯಬಾರದು. ಕಾಗದವಾಗಲು ಅಯೋಗ್ಯವಾದದ್ದಕ್ಕೆ ಗೊಬ್ಬರವೇ ಸದ್ಗತಿ. ಡ್ರಮ್ಮು ನೀರಾಡುತ್ತಿದ್ದು ತರಗೆಲೆಯೂ ಇಲ್ಲವಾದರೆ ನಾಲ್ಕು ಶುಚಿಯಾದ ಪೆಟ್ಟಿಗೆಗಳನ್ನು ಹರಿದು ಹಾಕುವುದೂ ವ್ಯರ್ಥವೆನಿಸದು. ಅದು ಇಡೀ ಕಟ್ಟಡದ ಹಸಿ ಕಸವನ್ನು ಉಳಿಸುತ್ತದೆ.

ಎರಡೂ ದಾರಿ ತಪ್ಪಿದ ರಟ್ಟು ಕಸದ ಗುಡ್ಡ ಸೇರುತ್ತದೆ. ಅಲ್ಲಿ ಗಾಳಿಯಿಲ್ಲದೆ ಕೊಳೆತು ಮೀಥೇನ್ ಅನಿಲವಾಗುತ್ತದೆ. 1927ರಿಂದ ಮುಂಬಯಿಯ ಕಸ ಹೊತ್ತ ದೇವನಾರಿನ ಗುಡ್ಡಕ್ಕೆ 2016ರ ಜನವರಿಯಲ್ಲಿ ಬೆಂಕಿ ಬಿದ್ದಾಗ ನಗರದ ಮೇಲೆ ದಿನಗಟ್ಟಲೆ ಹೊಗೆ ಕವಿದುದನ್ನು ಇಲ್ಲಿನ ಯಾರೂ ಮರೆತಿಲ್ಲ. ಅದೇ ವರ್ಷ ಕೇಂದ್ರದ ಘನತ್ಯಾಜ್ಯ ನಿಯಮಗಳು ಮನೆಯಲ್ಲಿಯೇ ಕಸ ಬೇರ್ಪಡಿಸುವುದನ್ನು ಪ್ರತಿ ಕುಟುಂಬದ ಹೊಣೆಯಾಗಿಸಿದವು.

ನಮ್ಮ ಸೊಸೈಟಿಯ ಡ್ರಮ್ಮು ಉಳಿಯಿತು. ಮಳೆಗಾಲದಲ್ಲಿ ಪೆಟ್ಟಿಗೆಗಳನ್ನು ಇಡಲು ಮೆಟ್ಟಿಲ ಕೆಳಗೆ ಒಂದು ಒಣ ಮೂಲೆ, ಡ್ರಮ್ಮಿನ ಪಕ್ಕದಲ್ಲಿ ಹರಿದ ರಟ್ಟಿನ ಒಂದು ಚೀಲ: ಮಾಡಿದ ಬದಲಾವಣೆ ಇಷ್ಟೇ. ವಾಸನೆ ಎರಡು ವಾರಗಳಲ್ಲಿ ಇಳಿಯಿತು, ರದ್ದಿವಾಲಾ ಮತ್ತೆ ಬರತೊಡಗಿದ. ಪೆಟ್ಟಿಗೆ ತೆರೆದ ಕೈ ಅದನ್ನು ಒದ್ದೆಯಾಗಲು ಬಿಡದೆ ಆಗಲೇ ಮಡಿಸಿಟ್ಟರೆ, ಮುಂದಿನ ತೀರ್ಮಾನವೆಲ್ಲ ಸುಲಭವಾಗುತ್ತದೆ.