ಗಸಗಸೆಯ ಹಾಲಿನಿಂದ ಅಂಟುಪಟ್ಟಿಯವರೆಗೆ

ಗಸಗಸೆ ಪಾಯಸ ಸವಿಯದವರು ನಮ್ಮಲ್ಲಿ ವಿರಳ. ಅದೇ ಗಿಡದ ಹಸಿಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅಫೀಮು. ಅದು ನೋವನ್ನು ತಣಿಸುತ್ತದೆ ಎಂಬುದು ಮನುಷ್ಯನಿಗೆ ಸಾವಿರಾರು ವರ್ಷಗಳಿಂದ ಗೊತ್ತು. ಆದರೆ ಎಷ್ಟು ಕೊಟ್ಟರೆ ಮದ್ದು, ಎಷ್ಟು ಕೊಟ್ಟರೆ ವಿಷ ಎಂಬುದು ಬಹುಕಾಲ ಬರಿಯ ಅಂದಾಜಾಗಿತ್ತು.

1804ರ ಸುಮಾರಿಗೆ ಜರ್ಮನಿಯಲ್ಲಿ ಔಷಧಾಲಯದ ಸಹಾಯಕನಾಗಿದ್ದ ಸೆರ್ಟ್ಯೂರ್ನರ್ ಎಂಬ ತರುಣ ಅಫೀಮಿನಿಂದ ಅದರ ಸತ್ವವನ್ನು ಬೇರ್ಪಡಿಸಿದ. ಅದೇ ಮಾರ್ಫಿನ್. ಅಂದಿನಿಂದ ಈ ಮದ್ದನ್ನು ತೂಗಿ ಅಳೆದು ಕೊಡುವುದು ಸಾಧ್ಯವಾಯಿತು. 1960ರ ಸುಮಾರಿಗೆ ಬೆಲ್ಜಿಯಂನ ಪಾಲ್ ಯಾನ್ಸನ್ ಫೆಂಟನಿಲ್ ತಯಾರಿಸಿದರು. ಇದು ಮಾರ್ಫಿನ್‌ಗಿಂತ ಸುಮಾರು ನೂರು ಪಾಲು ಬಲವಾದುದು. ಕೊಬ್ಬಿನಲ್ಲಿ ಸುಲಭವಾಗಿ ಕರಗುವುದರಿಂದ ಚರ್ಮವನ್ನೂ ದಾಟಬಲ್ಲುದು. ಈ ಗುಣವನ್ನೇ ಬಳಸಿದ ಅಂಟುಪಟ್ಟಿಗೆ, ಅಂದರೆ ಪ್ಯಾಚಿಗೆ, 1990ರಲ್ಲಿ ಅಮೆರಿಕ ಮನ್ನಣೆ ನೀಡಿತು. ಬಾಯಿ, ಗಂಟಲಿನ ಅರ್ಬುದದಿಂದ ಗುಳಿಗೆ ನುಂಗಲಾರದವರಿಗೆ ಇದು ವರದಾನವಾಯಿತು.

ನಮ್ಮ ದೇಶದ ಕತೆ ಬೇರೆ. ಸರಕಾರದ ಪರವಾನಗಿಯ ಮೇಲೆ ಅಫೀಮು ಬೆಳೆಯುವ ನಾಡು ನಮ್ಮದು. ಆದರೂ ನಮ್ಮ ರೋಗಿಗಳಿಗೆ ಮಾರ್ಫಿನ್ ಎಟುಕುತ್ತಿರಲಿಲ್ಲ. ಮಾದಕ ವಸ್ತುಗಳ ದುರುಪಯೋಗ ತಡೆಯಲು 1985ರಲ್ಲಿ ಬಂದ ಕಾನೂನು ಆಸ್ಪತ್ರೆಗಳನ್ನೂ ಹೆದರಿಸಿತು. ಹಲವು ಅನುಮತಿಗಳ ಗೊಡವೆಯೇ ಬೇಡವೆಂದು ಅನೇಕರು ಮದ್ದು ತರಿಸುವುದನ್ನೇ ಬಿಟ್ಟರು. ಕಳ್ಳಸಾಗಣೆಯವನಿಗೆ ಹಾಕಿದ ಬೇಲಿ ನರಳುವವನ ದಾರಿಗೂ ಅಡ್ಡವಾಯಿತು.

1993ರಲ್ಲಿ ಕೋಝಿಕ್ಕೋಡ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸಂಗಡಿಗರು ನೋವು ಉಪಶಮನದ ಸಂಸ್ಥೆ ಕಟ್ಟಿದರು. ಅಲ್ಲಿಂದ ಹಬ್ಬಿದ ಚಳವಳಿ ಮನೆಮನೆಗೂ ಹೋಯಿತು. 2008ರಲ್ಲಿ ಕೇರಳ ಸರಕಾರ ಇದಕ್ಕೆಂದೇ ನೀತಿ ರೂಪಿಸಿತು. ಪಂಚಾಯತಿಯ ದಾದಿ ಹಾಸಿಗೆ ಹಿಡಿದವರ ಮನೆಗೆ ಬರುವುದನ್ನು ಕಾಸರಗೋಡು, ವಯನಾಡಿನ ಕನ್ನಡಿಗರು ಕಂಡಿದ್ದಾರೆ. 2014ರಲ್ಲಿ ಕೇಂದ್ರದ ಕಾನೂನಿಗೂ ತಿದ್ದುಪಡಿಯಾಗಿ ಅಗತ್ಯ ಮದ್ದುಗಳ ದಾರಿ ಸಡಿಲವಾಯಿತು.

ಹೀಗೆ ಕಷ್ಟಪಟ್ಟು ಮನೆಗೆ ಬಂದ ಮದ್ದನ್ನು ಅಸಡ್ಡೆಯಿಂದ ಕೆಡಿಸಿಕೊಳ್ಳಬಾರದು. ಮೂರು ದಿನ ಬಳಸಿ ತೆಗೆದ ಪ್ಯಾಚಿನಲ್ಲೂ ಸಾಕಷ್ಟು ಮದ್ದು ಉಳಿದಿರುತ್ತದೆ. ಹಿಂದಿನ 15 ವರ್ಷಗಳಲ್ಲಿ ಮಕ್ಕಳಿಗೆ ಪ್ಯಾಚ್ ತಗುಲಿದ 26 ಪ್ರಕರಣಗಳನ್ನು ಅಮೆರಿಕದ ಔಷಧ ಆಡಳಿತ 2012ರಲ್ಲಿ ಲೆಕ್ಕ ಹಾಕಿತು. ಅವುಗಳಲ್ಲಿ 10 ಮಕ್ಕಳು ತೀರಿಕೊಂಡಿದ್ದರು. ನೆಲದಲ್ಲಿ ಬಿದ್ದುದನ್ನು ಹೆಕ್ಕಿ ಬಾಯಿಗಿಡುವುದು ಅಂಬೆಗಾಲಿಡುವ ಕೂಸಿನ ಸ್ವಭಾವ. ಆದ್ದರಿಂದ ತೆಗೆದ ಕೂಡಲೇ ಅಂಟಿನ ಮುಖ ಒಳಗಾಗುವಂತೆ ಮಡಚಿ, ದಾದಿ ಹೇಳಿದಂತೆಯೇ ವಿಲೇವಾರಿ ಮಾಡಬೇಕು.

ಇನ್ನು ಕೆಲವು ಮಾತು. ಶಾಖ ತಗುಲಿದರೆ ಮದ್ದು ಬೇಗ ಬೇಗನೆ ಮೈಗಿಳಿಯುತ್ತದೆ. ನೋವಿಗೆ ಬಿಸಿನೀರಿನ ಚೀಲ ಇಡುವುದು ನಮ್ಮಲ್ಲಿ ರೂಢಿ. ಪ್ಯಾಚಿನ ಮೇಲೆ ಅದು ಕೂಡದು. ಜ್ವರ ಬಂದರೂ ವೈದ್ಯರಿಗೆ ತಿಳಿಸಿ. ಹೊಸದನ್ನು ಹಚ್ಚುವ ಮುನ್ನ ಹಳೆಯದನ್ನು ತೆಗೆಯಿರಿ, ಜಾಗ ಬದಲಿಸಿ, ಕತ್ತರಿಸಬೇಡಿ. ಹಚ್ಚಿದ ಮೊದಲ ದಿನ ನೋವು ಪೂರ್ತಿ ಇಳಿಯದಿದ್ದರೆ ನಿಮ್ಮಷ್ಟಕ್ಕೇ ಇನ್ನೊಂದು ಅಂಟಿಸಬೇಡಿ. ಅದು ಮೈಗೇರಲು ಹೊತ್ತು ಬೇಕು. ಅಜ್ಜನ ಪ್ಯಾಚನ್ನು ಸೊಂಟ ನೋವೆಂದು ಅಜ್ಜಿಗೆ ಹಚ್ಚುವುದು ಪ್ರಾಣಕ್ಕೇ ಕುತ್ತು. ಈ ಬಗೆಯ ಮದ್ದು ಒಗ್ಗಿದವರಿಗಷ್ಟೇ ಇದನ್ನು ಕೊಡುತ್ತಾರೆ. ರೋಗಿ ಎಬ್ಬಿಸಿದರೂ ಏಳದಿದ್ದರೆ, ಉಸಿರಾಟ ನಿಧಾನವಾದರೆ, ಪ್ಯಾಚ್ ತೆಗೆದು ಆ ಕ್ಷಣವೇ ಆಸ್ಪತ್ರೆಗೆ ಒಯ್ಯಿರಿ. ತೆಗೆದ ಮೇಲೂ ಅದರ ಪ್ರಭಾವ ಹಲವು ಗಂಟೆ ಇರುತ್ತದೆ.

ಅತಿಯಾದ ಭಯ ನಮ್ಮ ಹಿರಿಯರನ್ನು ನರಳಿಸಿತು. ಅಸಡ್ಡೆ ಕಿರಿಯರನ್ನು ಕಸಿದುಕೊಳ್ಳಬಹುದು. ಇವೆರಡರ ನಡುವಿನ ಎಚ್ಚರವೇ ಈ ಚರಿತ್ರೆ ನಮಗೆ ಕಲಿಸುವ ಪಾಠ.