ಪಟ್ಟಿಯ ಹೊರಗೆ: ಎಣ್ಮಕಜೆಯಿಂದ ಸುಪ್ರೀಂ ಕೋರ್ಟಿನವರೆಗೆ

ಕಾಸರಗೋಡಿನ ಚರಿತ್ರೆಯನ್ನು ನಾವು ಸಾಮಾನ್ಯವಾಗಿ 1956ರ ನವೆಂಬರ್ 1ರಿಂದ ಆರಂಭಿಸಿ 1967ರ ಮಹಾಜನ ವರದಿಗೆ ತಂದು ನಿಲ್ಲಿಸುತ್ತೇವೆ. ಸ್ಮರಣಸಂಚಿಕೆಗಳ ಪುಟಗಳೂ ಬಹುಪಾಲು ಅದಕ್ಕೇ ಮೀಸಲು. ಆ ನೋವು ಸುಳ್ಳಲ್ಲ. ಆದರೆ ಇದೇ ನೆಲದಲ್ಲಿ, ಕನ್ನಡ ತುಳು ನುಡಿಯುವ ಮನೆಗಳ ಒಳಕೋಣೆಯಲ್ಲಿ, ಇನ್ನೊಂದು ಚರಿತ್ರೆ ಚಾಪೆಯ ಮೇಲೆ ಮಲಗಿದೆ. ಅದನ್ನು ನಮ್ಮ ಸಂಘಗಳು ಬರೆದುಕೊಂಡದ್ದು ಕಡಿಮೆ.

1970ರ ದಶಕದ ಉತ್ತರಾರ್ಧದಿಂದ 2000ದ ಕೊನೆಯವರೆಗೆ ಸರಕಾರಿ ಒಡೆತನದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗೇರಿನ ಚಿಗುರು ಹೀರುವ ಸೊಳ್ಳೆಕೀಟವನ್ನು ಕೊಲ್ಲುವುದು ಉದ್ದೇಶ. ನಮ್ಮ ಭೂರಚನೆಯನ್ನು ಬಲ್ಲವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ: ತೋಪು ಗುಡ್ಡದ ನೆತ್ತಿಯಲ್ಲಿ, ಮನೆ, ಬಾವಿ, ತೋಡು, ಸುರಂಗದ ನೀರು ಎಲ್ಲವೂ ಕೆಳಗೆ. ಎಣ್ಮಕಜೆ ಪಂಚಾಯತಿನ ಪಡ್ರೆ, ವಾಣೀನಗರ, ಸ್ವರ್ಗ (ಹೌದು, ಊರಿನ ಹೆಸರೇ ಅದು) ಹೀಗೆ ಗುಡ್ಡದ ಬುಡದಲ್ಲಿರುವ ಊರುಗಳು. ಕೈಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳ ವಿಚಾರವನ್ನು ಪತ್ರಕರ್ತ ಶ್ರೀಪಡ್ರೆಯವರು 1980ರ ದಶಕದ ಆರಂಭದಲ್ಲೇ ಬರೆದರು. ಮನುಷ್ಯರ ಕಾಯಿಲೆಗಳ ಅಸಹಜ ಸಂಖ್ಯೆಯನ್ನು ಕಂಡು ದನಿಯೆತ್ತಿದವರು ವಾಣೀನಗರದ ವೈದ್ಯ ಡಾ. ವೈ.ಎಸ್. ಮೋಹನಕುಮಾರ್. ದಕ್ಷಿಣಕ್ಕೆ, ಪೆರಿಯದಲ್ಲಿ, ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ನ್ಯಾಯಾಲಯದ ಮೆಟ್ಟಿಲೇರಿ ಸಿಂಪರಣೆಗೆ ತಡೆ ತಂದರು.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಪಡ್ರೆಯ ಶಾಲಾಮಕ್ಕಳನ್ನು ಸಿಂಪರಣೆಯಿಲ್ಲದ ಮೀಂಜ ಪಂಚಾಯತಿನ ಮಕ್ಕಳೊಡನೆ ಹೋಲಿಸಿ, ಪಡ್ರೆಯಲ್ಲಿ ಕಲಿಕೆಯ ತೊಂದರೆಯೂ ಜನ್ಮಜಾತ ವೈಕಲ್ಯವೂ ಹೆಚ್ಚೆಂದು ವರದಿ ಮಾಡಿತು. ಅದನ್ನು ಒಪ್ಪದವರ ವಾದವೂ ಬಹುಕಾಲ ನಡೆಯಿತು. ಶಿಕ್ಷಕರಾದ ನಮಗೆ ಇಲ್ಲಿ ಕಾಣುವುದು ಬೇರೊಂದು ಸಂಗತಿ. ಶಾಲೆಯಲ್ಲಿ ಪರೀಕ್ಷೆಗೆ ಸಿಗುವುದು ಶಾಲೆಗೆ ನಡೆದುಬರಬಲ್ಲ ಮಗು. ಹಾಜರಿಪುಸ್ತಕದಲ್ಲಿ ಹೆಸರೇ ಏರದ ಮಗುವಿಗೆ ಮೊದಲು ಗುಡ್ಡದ ಕಾಲುದಾರಿಯೇ ಅಡ್ಡ.

ಮುಂದೆಯೂ ಹಾಗೆಯೇ ಆಯಿತು. ಸಂತ್ರಸ್ತರ ಪಟ್ಟಿಗೆ ಸೇರಬೇಕಾದರೆ ವೈದ್ಯಕೀಯ ಶಿಬಿರಕ್ಕೆ ಹೋಗಬೇಕು. ಜೀಪು ಹಿಡಿಯಲು ಹಣವುಳ್ಳವರು, ಮನೆಯಲ್ಲೊಬ್ಬ ಮೇಷ್ಟ್ರೋ ಗುಮಾಸ್ತರೋ ಇರುವವರು, ಮಲೆಯಾಳದ ಅರ್ಜಿ ಓದಿ ತುಂಬಬಲ್ಲವರು ಒಂದು ಸಾಲು. ಬೀಡಿ ಕಟ್ಟಿಯೋ ಕೂಲಿ ಮಾಡಿಯೋ ಬದುಕುವ, ತುಳುವಿನಲ್ಲಷ್ಟೇ ಕಷ್ಟ ಹೇಳಬಲ್ಲ ತಾಯಿ, ಕತ್ತು ನಿಲ್ಲದ ಹದಿನೈದರ ಮಗನನ್ನು ಸೊಂಟದ ಮೇಲೆ ಹೊತ್ತು ಗುಡ್ಡ ಇಳಿಯಬೇಕಾದವಳು ಇನ್ನೊಂದು ಸಾಲು. ವೈಕಲ್ಯ ಇಬ್ಬರ ಮನೆಯಲ್ಲೂ ಒಂದೇ. ಭಾಷೆಯ ಕಾರಣದಿಂದ ಕಚೇರಿಯ ಬಾಗಿಲಲ್ಲಿ ನಿಂತ ಅನುಭವ ನಮಗೆಲ್ಲ ಇದೆ. ಆದರೆ ಆ ಬಾಗಿಲವರೆಗೆ ನಮ್ಮ ಕಾಲಿನಲ್ಲೇ ನಾವು ಹೋಗಿದ್ದೆವು. ಅದೂ ಒಂದು ಸವಲತ್ತೆಂದು ನಮ್ಮ ಗಡಿ ಚಳವಳಿಯ ಭಾಷಣಗಳಲ್ಲಿ ಯಾರೂ ಹೇಳಿದ್ದು ನಮ್ಮ ಕಿವಿಗೆ ಬಿದ್ದಿಲ್ಲ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರ ಡಿಸೆಂಬರ್ 31ರಂದು ಪರಿಹಾರಕ್ಕೆ ಶಿಫಾರಸು ಮಾಡಿತು. 2011ರ ಮೇಯಲ್ಲಿ ಸುಪ್ರೀಂ ಕೋರ್ಟು ದೇಶಾದ್ಯಂತ ಎಂಡೋಸಲ್ಫಾನ್ ನಿಷೇಧಿಸಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡುವಂತೆ ಆದೇಶಿಸಿತು. ತಿಂಗಳು ಮೂರಲ್ಲ, ವರ್ಷ ಐದು ಕಳೆಯಿತು. ನಡುವೆ 2019ರಲ್ಲಿ ತಾಯಂದಿರು ಮಕ್ಕಳನ್ನೆತ್ತಿಕೊಂಡು 550ಕ್ಕೂ ಹೆಚ್ಚು ಕಿಲೋಮೀಟರ್ ದೂರದ ತಿರುವನಂತಪುರಕ್ಕೆ ಹೋಗಿ ಸೆಕ್ರೆಟರಿಯೇಟಿನ ಮುಂದೆ ಕುಳಿತರು. 2022ರ ಮೇಯಲ್ಲಿ ಪ್ರಕರಣ ಮತ್ತೆ ಕೋರ್ಟಿನ ಮುಂದೆ ಬಂದಾಗ ಲೆಕ್ಕ ಹೀಗಿತ್ತು: ಸಂತ್ರಸ್ತರು 3,704; ಅವರಲ್ಲಿ ಹಾಸಿಗೆ ಹಿಡಿದವರು 102, ಬುದ್ಧಿಮಾಂದ್ಯರು 326, ದೈಹಿಕ ವೈಕಲ್ಯವುಳ್ಳವರು 201. ಪರಿಹಾರ ಸಂದದ್ದು ಎಂಟು ಜನರಿಗೆ. ದೆಹಲಿಯವರೆಗೆ ಮೊಕದ್ದಮೆ ಒಯ್ದವರು ಆ ಎಂಟು ಜನ! ಕೋರ್ಟಿಗೆ ಬರಬಲ್ಲವರಿಗೆ ಮಾತ್ರ ಕೊಡುವ ಈ ಕ್ರಮವನ್ನು ನ್ಯಾಯಪೀಠ ಕಟುವಾಗಿ ಪ್ರಶ್ನಿಸಿತು.

ಪೆರ್ಲದಲ್ಲಿ ಈಗ ಇಂಥ ಮಕ್ಕಳಿಗೆ ಬಡ್ಸ್ ಶಾಲೆಯಿದೆ. ಮುಳಿಯಾರಿನ ಪುನರ್ವಸತಿ ಗ್ರಾಮದ ಮೊದಲ ಹಂತ 2024ರಲ್ಲಿ ತೆರೆಯಿತು. ಅಂದು ಪತ್ರಿಕೆಗಳಲ್ಲಿ ಚಿತ್ರವಾಗಿ ಬಂದ ಮಕ್ಕಳಲ್ಲಿ ಉಳಿದವರಿಗೆ ಈಗ ಮೂವತ್ತು ದಾಟಿದೆ. ಅವರನ್ನು ಎತ್ತಿ ಮೀಯಿಸುವ ತಾಯಂದಿರಲ್ಲಿ ಹಲವರು ನಮ್ಮದೇ ಪ್ರಾಯದವರು.